ಆ ಹೆಸರಿನವರು ಯಾರೂ ಇಲ್ಲ

ಮದುವೆಯಾದ ಹೊಸದರಲ್ಲಿ ಗಂಡ ತಮಾಷೆಗೆ ಗಂಟಮ್ಮ ಅಂತ ಕರೆದದ್ದು, ಆಮೇಲೆ ಅದೇ ಅವಳ ಹೆಸರಾಗಿ ಉಳಿದುಬಿಟ್ಟಿತು. ಕೆಲಸವೂ ಅಂಥದ್ದೇ. ತಲೆಯ ಆಕಾರದ ಮರದ ಗುಂಡಿನ ಮೇಲೆ ತೆಳ್ಳನೆಯ ಬಲೆ ಬಿಗಿದು, ಕೊಕ್ಕೆಯ ಹಾಗಿರುವ ಸೂಜಿಯಿಂದ ಒಂದೋ ಎರಡೋ ಕೂದಲೆಳೆ ಹಿಡಿದು, ಬಲೆಯ ಕಣ್ಣಿಗೆ ಸಿಕ್ಕಿಸಿ ಗಂಟು ಹಾಕಬೇಕು. ಒಂದು ವಿಗ್ ಮುಗಿಯುವಷ್ಟರಲ್ಲಿ ಕತ್ತು ಹಿಡಿದುಕೊಂಡು ಬೇರೆ ಕಡೆ ತಿರುಗಲಾರೆ ಅನ್ನುತ್ತದೆ.

ಮುಂದಿನ ಕೋಣೆ ಅಂಗಡಿ, ನಡುವಿನ ಕೋಣೆ ಕೆಲಸದ್ದು, ಹಿಂದೆ ಅಡುಗೆಮನೆ, ಮಹಡಿ ಮೇಲೆ ಮಲಗುವ ಕೋಣೆಗಳು. ಮೊದಲೆಲ್ಲ ನಾಟಕದವರು, ಸಿನಿಮಾದವರು ಬರುತ್ತಿದ್ದರು. ಈಗ ಬರುವವರು ಬೇರೆ. ದೊಡ್ಡ ಕಾಯಿಲೆಗೆ ಔಷಧಿ ತೆಗೆದುಕೊಂಡು ಕೂದಲು ಉದುರಿಹೋದ ಹೆಂಗಸರು. ಅವರಿಗೆ ಬೀದಿಯಲ್ಲಿ ನಡೆದು ಬಂದು ಗಾಜಿನ ಬಾಗಿಲು ತಳ್ಳಿ ಒಳಗೆ ಬರುವುದಕ್ಕೇ ಸಂಕೋಚ. ಅದಕ್ಕೇ ಸೊಸೆ ವೆಬ್‌ಸೈಟ್ ಮಾಡಿಸಿದ್ದಳು. ಮನೆಯಲ್ಲಿ ಕೂತು ಅಳತೆ ಬರೆದು, ತಲೆಯ ಫೋಟೋ ಕಳಿಸಿ, ಕಾರ್ಡಿನಲ್ಲಿ ದುಡ್ಡು ಕಟ್ಟಿದರೆ ವಿಗ್ ಪೆಟ್ಟಿಗೆಯಲ್ಲಿ ಬರುತ್ತದೆ. ಪೆಟ್ಟಿಗೆಯ ಮೇಲೆ ಒಳಗೇನಿದೆ ಅಂತ ಬರೆದಿರುವುದಿಲ್ಲ. ಅದೂ ಸೊಸೆಯದೇ ಯೋಚನೆ.

ಗಂಟಮ್ಮನ ಗಂಡನೇ ಅಂಗಡಿಯ ಯಜಮಾನರು, ಅವರಿಗೆ ಕಂಪ್ಯೂಟರ್ ಅಂದರೆ ಅಷ್ಟಕ್ಕಷ್ಟೆ. ಆದರೆ ವ್ಯಾಪಾರದ ಮುಕ್ಕಾಲು ಪಾಲು ಅದರೊಳಗಿಂದಲೇ ಬರತೊಡಗಿದ ಮೇಲೆ ಸುಮ್ಮನಾಗಿದ್ದರು.

"ಆ ಸರ್ಟಿಫಿಕೇಟ್ ಮುಗೀತಾ ಬಂತು ರೀ. ಈ ವಾರ ಮಾಡಿಸಿಬಿಡಿ," ಅಂತ ಸೊಸೆ, ಮಾವ ಇನ್ನೂ ಅಂಗಡಿಯಲ್ಲಿದ್ದಾಗ, ಊಟಕ್ಕೆ ಬಡಿಸುತ್ತ ಗಂಡನಿಗೆ ಹೇಳಿದ್ದನ್ನು ಗಂಟಮ್ಮ ಕೇಳಿದ್ದಳು.

"ಯಾವ ಸರ್ಟಿಫಿಕೇಟು?" ಅಂದ ಮಗ.

"ಸೈಟಿಂದು. ಅದಿದ್ರೇನೇ ಅಡ್ರೆಸ್ ಪಕ್ಕ ಬೀಗ ಕಾಣಿಸೋದು. ಜನ ಕಾರ್ಡ್ ನಂಬರ್ ಹಾಕಿದ್ರೆ ದಾರೀಲಿ ಯಾರೂ ಕದಿಯದ ಹಾಗೆ ಇರೋದು. ಅಕೌಂಟು ನಿಮ್ಮ ಹೆಸರಲ್ಲಿದೆ, ಓಟಿಪಿ ನಿಮ್ಮ ಫೋನಿಗೇ ಬರತ್ತೆ. ಇಲ್ಲಾಂದ್ರೆ ನಾನೇ ಮಾಡ್ತಿದ್ದೆ."

"ನನ್ನ ಸ್ನೇಹಿತನೊಬ್ಬ ಕಮ್ಮಿಗೆ ಕೊಡಿಸ್ತೀನಿ ಅಂದಿದಾನೆ. ಕೇಳ್ತೀನಿ."

ಇನ್ನೊಂದು ಸಲ ಹೇಳಿದಾಗಲೂ ಗಂಟಮ್ಮ ಅಲ್ಲೇ ಇದ್ದಳು. ಆಗ ಮಗ ಮೊಟ್ಟೆ ಸುಲಿಯುತ್ತ, "ಹೂಂ, ನಾಳೆ," ಅಂದಿದ್ದ. ಅವನ ನಾಳೆ ಎಂಥದ್ದೆಂದು ಹೆತ್ತವಳಿಗೆ ಗೊತ್ತು. ಒಳ್ಳೆಯ ಹುಡುಗ, ಮನೆಗೆ ಬಂದವರನ್ನೆಲ್ಲ ನಗಿಸುತ್ತಾನೆ, ಭಾರದ ಪೆಟ್ಟಿಗೆ ತಾಯಿಯ ಕೈಗೆ ಕೊಡುವವನಲ್ಲ. ಆದರೆ ಒಂದು ಕೆಲಸ ಕಣ್ಣಮುಂದೆ ಕೂತು ಅಳದ ಹೊರತು ಅವನು ಅದನ್ನು ಎತ್ತಿಕೊಳ್ಳುವವನೂ ಅಲ್ಲ.

ಸರ್ಟಿಫಿಕೇಟ್ ಮುಗಿದೇ ಹೋಯಿತು. ಸೊಸೆ ಆಗ ತನ್ನ ತಾಯಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದಳು. ಸೈಟ್ ತೆರೆದವರಿಗೆಲ್ಲ, ಇದು ಸುರಕ್ಷಿತವಲ್ಲ, ನಿಮ್ಮ ಮಾಹಿತಿ ಕಳ್ಳರ ಪಾಲಾಗಬಹುದು ಅಂತ ಪರದೆ ತುಂಬ ಎಚ್ಚರಿಕೆ ಬರತೊಡಗಿತು. ಒಬ್ಬಿಬ್ಬರು ಹೆದರಿಕೊಂಡು ಅಂಗಡಿಗೆ ಫೋನ್ ಮಾಡಿದರು. ಮಗ ಪೆಟ್ಟಿಗೆಗೆ ಟೇಪ್ ಸುತ್ತುತ್ತ, ಹೆಗಲಿಗೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು, "ಏನಿಲ್ಲಮ್ಮ, ಕೆಳಗಡೆ ಒಂದು ಬಟನ್ ಇದೆ ನೋಡಿ, ಅದನ್ನ ಒತ್ತಿ ಮುಂದಕ್ಕೆ ಹೋಗಿ. ನಮ್ಮದೇ ಸೈಟು," ಅಂತ ಸಮಾಧಾನ ಹೇಳಿದ.

ಸೊಸೆ ತವರಿಂದ ಬಂದವಳು ಚೀಲವನ್ನೂ ಇಳಿಸದೆ ಗಂಡನ ಫೋನ್ ಈಸಿಕೊಂಡು, ದುಡ್ಡಿಲ್ಲದೆ ಸಿಗುವ ಒಂದು ಸರ್ಟಿಫಿಕೇಟ್ ಹಾಕಿಸಿ, ಅಕೌಂಟನ್ನು ತನ್ನ ಹೆಸರಿಗೆ ಮಾಡಿಕೊಂಡಳು. ಬೀಗ ಮತ್ತೆ ಬಂತು. ಆದರೆ ಆಗಬೇಕಾದ್ದು ಅಷ್ಟರಲ್ಲಿ ಆಗಿಹೋಗಿತ್ತು.

ಅದು ಗೊತ್ತಾದದ್ದು ಶಾಲೆಯ ಟೀಚರೊಬ್ಬರು ಅಂಗಡಿಗೆ ಬಂದಾಗ. ತಲೆಗೆ ನೀಲಿ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡಿದ್ದರು, ಹುಬ್ಬೂ ಉದುರಿಹೋಗಿತ್ತು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ನನ್ನ ವಿಗ್ ಎಲ್ಲಿ?" ಅಂದರು.

ಸೊಸೆ ಅವರ ಆರ್ಡರ್ ಹುಡುಕಿದಳು. ಸಿಗಲಿಲ್ಲ. ಟೀಚರು ತಮ್ಮ ಫೋನ್ ತೆಗೆದು ತೋರಿಸಿದರು. ಇವರದೇ ಸೈಟಿನ ಚಿತ್ರಗಳು, ಇವರದೇ ಮಾತುಗಳು, ಗಂಟಮ್ಮನ ಕೈಯ ಫೋಟೋ ಕೂಡ. ಅಡ್ರೆಸ್ಸಿನಲ್ಲಿ ಮಾತ್ರ ಒಂದಕ್ಷರ ಬೇರೆ. ಯಾರೋ ಇವರ ಅಂಗಡಿಯ ವೇಷ ಹಾಕಿಕೊಂಡು ಕೂತಿದ್ದರು.

"ಮೇಡಂ, ಇದು ನಮ್ಮದಲ್ಲ," ಅಂದಳು ಸೊಸೆ.

"ನಿಮ್ಮದನ್ನೇ ಮೊದಲು ತೆಗೆದಿದ್ದೆ. ಕೆಂಪಗೆ ಎಚ್ಚರಿಕೆ ಬಂತು. ಹೆದರಿ ಮುಚ್ಚಿದೆ. ಮತ್ತೆ ಹುಡುಕಿದಾಗ ಇದು ಸಿಕ್ಕಿತು. ಇದರಲ್ಲಿ ಬೀಗ ಇತ್ತು, ನಿಮ್ಮದರಲ್ಲಿ ಇರಲಿಲ್ಲ. ಇದೇ ಅಸಲಿ ಅಂದುಕೊಂಡೆ." ಅವರ ದನಿ ಏರಲಿಲ್ಲ, ಮಕ್ಕಳಿಗೆ ಪಾಠ ಬಿಡಿಸಿ ಹೇಳುವ ಹಾಗೆ ಹೇಳಿದರು. "ದುಡ್ಡು ಹೋಯ್ತು, ಬ್ಯಾಂಕಿನವರು ನೋಡ್ತೀವಿ ಅಂದಿದಾರೆ. ಆದರೆ ಫೋಟೋ ಕಳಿಸಿದೀನಲ್ಲ, ಬರಿ ತಲೇದು. ಮನೇಲಿ ನಮ್ಮವರಿಗೂ ಸರಿಯಾಗಿ ತೋರಿಸಿಲ್ಲ ನಾನು. ಅದು ಈಗ ಯಾರ ಹತ್ರ ಇದೆ?"

ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಯಜಮಾನರು ಒಳಗಿನಿಂದ ಬಂದು ಬಾಗಿಲ ಪರದೆ ಹಿಡಿದು ನಿಂತಿದ್ದರು. ಮಗ ಟೇಪಿನ ತುದಿ ಹುಡುಕುತ್ತಿದ್ದ.

"ತಪ್ಪು ನಮ್ಮದು," ಅಂದಳು ಸೊಸೆ. "ನಮ್ಮ ಸೈಟಿನ ಸರ್ಟಿಫಿಕೇಟ್ ಮುಗಿದಿತ್ತು, ನಾವು ನೋಡಿಕೊಳ್ಳಲಿಲ್ಲ. ನಿಮಗೆ ವಿಗ್ ನಾವು ಮಾಡಿಕೊಡ್ತೀವಿ. ಆ ಸೈಟಿನ ಮೇಲೆ ಇವತ್ತೇ ದೂರು ಕೊಡ್ತೀನಿ."

ಟೀಚರು ಯೋಚಿಸಿ ಹೇಳ್ತೀನಿ ಅಂತ ಹೊರಟುಹೋದರು. ಗಿರಾಕಿಗಳೂ ಏನೂ ಕೊಳ್ಳದೆ ಹೋದರು. ಯಜಮಾನರ ಮುಖ ಕಪ್ಪಿಟ್ಟಿತ್ತು.

"ಕದ್ದವನು ಯಾವನೋ. ತಪ್ಪು ನಮ್ಮದು ಅಂತ ಇವಳ್ಯಾಕೆ ಹೇಳಿದ್ದು? ಇಷ್ಟು ವರ್ಷ ಈ ಕೌಂಟರಿನ ಹಿಂದೆ ನಿಂತು ನಾನು ಆ ಮಾತು ಹೇಳೋ ಹಾಗಾಗಿಲ್ಲ. ಕಂಪ್ಯೂಟರ್ ನಾನು ನೋಡ್ಕೋತೀನಿ ಅಂತ ಕೂತವಳು ಅದನ್ನಾದ್ರೂ ನೆಟ್ಟಗೆ ನೋಡ್ಕೋಬಾರದಿತ್ತಾ?"

ಸೊಸೆ ಗಂಡನ ಕಡೆ ನೋಡಿದಳು. ಅವನು ಪೆಟ್ಟಿಗೆ ಎತ್ತಿಕೊಂಡು, "ಪೋಸ್ಟಿಗೆ ಹೊತ್ತಾಯ್ತು," ಅಂತ ಹೊರಗೆ ಹೋದ. ಆಮೇಲೆ ಅವಳು ಅತ್ತೆಯ ಕಡೆ ನೋಡಿದಳು. ಗಂಟಮ್ಮ ಬಾಯಿ ತೆರೆದವಳು, ಗಂಡನ ರಕ್ತದೊತ್ತಡ ನೆನಪಾಗಿ, "ಆಮೇಲೆ ಮಾತಾಡಿದರಾಯ್ತು, ಈಗ ಚಹಾ ಕುಡೀರಿ," ಅಂದಳು.

ಆ ‘ಆಮೇಲೆ’ ಬೇಗ ಬರಲಿಲ್ಲ. ಯಜಮಾನರು ಸೊಸೆಯ ಹತ್ತಿರ ಮಾತು ಬಿಟ್ಟರು. ಏನೇ ಇದ್ದರೂ ಹೆಂಡತಿಯ ಮೂಲಕ. ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದರೂ ಅಷ್ಟೆ.

"ಉಪ್ಪು ಜಾಸ್ತಿ ಅಂತ ಹೇಳು ಅವಳಿಗೆ."

"ಇವತ್ತು ಅಡುಗೆ ನಂದು ರೀ."

ಯಜಮಾನರು ಮಜ್ಜಿಗೆ ಸುರಿದುಕೊಂಡು ಕಲಸಿದರು.

ಈ ನಡುವೆ ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿ ರೋಗಿಗಳಿಗೆ ಧೈರ್ಯ ಹೇಳಿ, ಬೇಕಾದ ವಿಳಾಸಗಳನ್ನು ಕೊಡುವ ಒಬ್ಬ ಮೇಡಂ ಇದ್ದರು. ಇವರಿಗೆ ಅರ್ಧಕ್ಕರ್ಧ ಗಿರಾಕಿಗಳು ಬರುತ್ತಿದ್ದದ್ದು ಅವರ ಕೈಯಿಂದಲೇ. ಟೀಚರ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ಇನ್ನು ಮೇಲೆ ಬರೀ ಬೀಗ ಇದ್ದರೆ ಸಾಲದು," ಅಂದರಂತೆ. "ನಿಮ್ಮ ಅಂಗಡಿ ನಿಜಕ್ಕೂ ಇದೆ, ಈ ಸೈಟು ನಿಮ್ಮದೇ ಅಂತ ಹೊರಗಿನವರು ತಪಾಸಣೆ ಮಾಡಿರಬೇಕು. ಇಲ್ಲಾಂದ್ರೆ ನಿಮ್ಮ ಹೆಸರು ಕೊಡೋಕೆ ನನಗೆ ಧೈರ್ಯ ಇಲ್ಲ."

ಸೊಸೆ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತ ಅದನ್ನೆಲ್ಲ ಅತ್ತೆಗೆ ವಿವರಿಸಿದಳು.

"ಮೂರು ಥರ ಇದೆ ಅತ್ತೆ. ಮೊದಲನೇದು ಈ ಸೈಟಿನ ಅಡ್ರೆಸ್ಸು ನಿನ್ನ ಕೈಯಲ್ಲಿದೆಯಾ ಅಂತ ಮಾತ್ರ ನೋಡತ್ತೆ. ಇದೆ ಅಂದ್ರೆ ಬೀಗ ಕೊಟ್ಟುಬಿಡತ್ತೆ. ನಮಗೂ ಕೊಡತ್ತೆ, ನಮ್ಮ ವೇಷ ಹಾಕಿದವನಿಗೂ ಕೊಡತ್ತೆ."

"ಕಳ್ಳನ ಮನೆ ಬಾಗಿಲಿಗೂ ಬೀಗ ಇರತ್ತಲ್ಲ, ಹಾಗೆ."

"ಹಾಗೇ. ಎರಡನೇದಕ್ಕೆ ಅಂಗಡಿಯ ನೋಂದಣಿ, ವಿಳಾಸ ಎಲ್ಲ ತಾಳೆ ನೋಡ್ತಾರೆ. ಸರ್ಕಾರಿ ದಾಖಲೆಯಲ್ಲಿರೋ ಫೋನಿಗೆ ಅವರೇ ಫೋನ್ ಮಾಡಿ ಕೇಳ್ತಾರೆ. ಆಮೇಲೆ ಸರ್ಟಿಫಿಕೇಟಲ್ಲಿ ಅಂಗಡಿ ಹೆಸರು ಬರತ್ತೆ. ಮೂರನೇದು ಇನ್ನೂ ಬಿಗಿ, ಕಾಗದಪತ್ರ ಜಾಸ್ತಿ, ದುಡ್ಡೂ ಜಾಸ್ತಿ."

"ಮೂರನೇದೇ ತಗೊಳ್ಳೋಣ," ಅಂತ ಬಾಗಿಲಲ್ಲಿ ನಿಂತಿದ್ದ ಮಗ ಬಾಯಿ ಹಾಕಿದ. ಆ ವಾರವೆಲ್ಲ ಅವನು ಹೀಗೆ ಕೇಳದೆಯೇ ಉದಾರಿಯಾಗಿದ್ದ. "ದೊಡ್ಡದೇ ಇರಲಿ. ಹೆಸರು ಹಸಿರು ಬಣ್ಣದಲ್ಲಿ ಮೇಲೇ ಕಾಣಿಸತ್ತಂತೆ."

"ಹಿಂದೆ ಕಾಣಿಸ್ತಿತ್ತು. ಈಗ ಯಾವುದರಲ್ಲೂ ಹಾಗೆ ಕಾಣಿಸಲ್ಲ, ಬೀಗ ಒತ್ತಿ ಒಳಗೆ ಹೋಗಿ ನೋಡಬೇಕು. ಆಸ್ಪತ್ರೆ ಮೇಡಂ ಒತ್ತಿ ನೋಡ್ತಾರೆ, ಅವರಿಗೆ ಎರಡನೇದು ಸಾಕು. ನಮ್ಮಂಥ ಅಂಗಡಿಗೂ ಸಾಕು."

"ಅರ್ಜಿಗೆ ನನ್ನ ಹೆಸರು ಹಾಕ್ತೀಯಾ?"

"ನನ್ನ ಹೆಸರು ಹಾಕಿದೀನಿ."

"ನನ್ನದು ಹಾಕಬಹುದಿತ್ತು."

"ಮುಗಿಯೋ ದಿನ ನೆನಪಿಟ್ಟುಕೊಳ್ಳೋರ ಹೆಸರು ಹಾಕಿದೀನಿ," ಅಂದಳು ಸೊಸೆ, ತಲೆಯೆತ್ತದೆ.

ಮಗ ನೀರು ಕುಡಿದು ಹೊರಗೆ ಹೋದ. ಗಂಟಮ್ಮ ಸೊಪ್ಪಿನ ಕಡ್ಡಿ ಗುಡ್ಡೆ ಮಾಡುತ್ತ ಕೂತಳು.

ಅವತ್ತು ಊಟದ ಹೊತ್ತಲ್ಲಿ ಯಜಮಾನರಿಗೆ ವಿಷಯ ತಿಳಿಸುವ ಕೆಲಸ ಅವಳ ಪಾಲಿಗೇ ಬಂತು. ಅವರು ಕೇಳಿ ಮುಗಿಸಿ, "ನಮ್ಮಂಗಡಿ ಇದೆಯೋ ಇಲ್ಲವೋ ಅಂತ ಎಲ್ಲೋ ಕೂತವನು ನೋಡಬೇಕಾ? ಹೊರಗೆ ಬೋರ್ಡು ಯಾಕೆ ಹಾಕಿದೀನಿ?" ಅಂದರು.

"ಬೋರ್ಡು ಬೀದೀಲಿ ಹೋಗೋರಿಗೆ ಕಾಣತ್ತೆ ಅಂತ ಮಾವನವರಿಗೆ ಹೇಳಿ ಅತ್ತೆ," ಅಂದಳು ಸೊಸೆ.

"ಕೇಳಿಸ್ತು ಅಂತ ಹೇಳು," ಅಂದರು ಯಜಮಾನರು.

ಬೇಡ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂದುಕೊಂಡು ಸೊಸೆ ಅರ್ಜಿ ಕಳಿಸಿದಳು.

ದಾಖಲೆಯಲ್ಲಿದ್ದ ಫೋನು ಕೆಲಸದ ಕೋಣೆಯಲ್ಲಿ ಯಜಮಾನರ ಕೈಗೆಟುಕುವಲ್ಲೇ ಇರುವ ಹಳೆಯ ಫೋನು. ಅದು ರಿಂಗಾದಾಗ ಅವರು ಕೂದಲನ್ನು ಬುಡ ಒಂದು ಕಡೆ, ತುದಿ ಒಂದು ಕಡೆ ಬರುವ ಹಾಗೆ ಹೊಂದಿಸುತ್ತಿದ್ದರು. ಗಂಟಮ್ಮ ಎದುರಿಗೇ ಕೂತು ಗಂಟು ಹಾಕುತ್ತಿದ್ದಳು. ಸೊಸೆ ಮಹಡಿಯ ಮೇಲೆ ಬಟ್ಟೆ ಒಣಗಿಸಲು ಹೋಗಿದ್ದಳು.

"ಹೌದು, ನಾನೇ ಮಾಲೀಕ," ಅಂದರು ಯಜಮಾನರು. "ಹೌದು, ಇದೇ ವಿಳಾಸ." ಆಮೇಲೆ ಸ್ವಲ್ಪ ಹೊತ್ತು ಕೇಳಿಸಿಕೊಂಡರು. ಆ ಕಡೆಯವನು ಸೊಸೆಯ ಹೆಸರನ್ನು ಎರಡು ಸಲ ಹೇಳಿದ್ದು ಗಂಟಮ್ಮನಿಗೂ ಕೇಳಿಸಿತು. "ಇಲ್ಲ. ಆ ಹೆಸರಿನವರು ಯಾರೂ ನಮ್ಮಲ್ಲಿ ಕೆಲಸಕ್ಕಿಲ್ಲ. ಇದು ಮನೆಯವರೇ ನಡೆಸೋ ಅಂಗಡಿ." ಫೋನ್ ಇಟ್ಟರು.

"ಅದು ನಮ್ಮ ಹುಡುಗಿ ಹೆಸರಲ್ವಾ ರೀ?"

"ನಮ್ಮ ಹುಡುಗಿ ಕೆಲಸದವಳಾ? ಇಲ್ಲಿ ಕೆಲಸ ಮಾಡ್ತಾರಾ ಅಂತ ಕೇಳಿದ. ಇಲ್ಲ ಅಂದೆ."

"ಮಾಡಲ್ವಾ?"

ಯಜಮಾನರು ಕೂದಲಿನ ಕಟ್ಟು ಬಿಚ್ಚಿ ಮತ್ತೆ ಮೊದಲಿಂದ ಹೊಂದಿಸತೊಡಗಿದರು. ಗಂಟಮ್ಮ ಸೂಜಿ ಹಿಡಿದಳು, ಅದು ಬೆರಳಿಗೆ ಚುಚ್ಚಿತು. ಅವಳು ಈ ಮನೆಗೆ ಬಂದ ವರ್ಷದಿಂದ ಹೀಗೇ ಕೂತಿದ್ದಳು. ಯಾರಾದರೂ ಕೇಳಿದ್ದರೆ ತನ್ನ ಹೆಸರಿಗೂ ಇವರು ಇದನ್ನೇ ಹೇಳುತ್ತಿದ್ದರೇನೋ ಅನ್ನಿಸಿತು.

ಸಂಜೆ ಸೊಸೆಗೆ ಸಂದೇಶ ಬಂತು. ಅರ್ಜಿ ಕೊಟ್ಟ ವ್ಯಕ್ತಿ ಸಂಸ್ಥೆಯಲ್ಲಿ ಇಲ್ಲವೆಂದು ಮಾಲೀಕರು ತಿಳಿಸಿದ್ದಾರೆ, ಅರ್ಜಿ ತಡೆಹಿಡಿಯಲಾಗಿದೆ. ಅವಳು ಅದನ್ನು ಓದಿ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಳು, ಎಲ್ಲರಿಗೂ ಕಾಣುವ ಹಾಗೆ.

"ಅಪ್ಪಾ, ಇದೇನು ಮಾಡಿಬಿಟ್ರಿ?" ಅಂದ ಮಗ.

"ಇದ್ದದ್ದು ಹೇಳಿದೆ."

"ಸರಿ," ಅಂದಳು ಸೊಸೆ. "ಇಲ್ಲ ಅಂದಮೇಲೆ ಇಲ್ಲ."

ಮರುದಿನದಿಂದ ಅವಳು ಕಂಪ್ಯೂಟರ್ ಮುಟ್ಟಲಿಲ್ಲ. ಬೆಳಿಗ್ಗೆ ಎದ್ದು ಮನೆ ಗುಡಿಸಿದಳು, ತನ್ನ ಪಾಲಿನ ಅಡುಗೆ ಮಾಡಿದಳು, ಪಾತ್ರೆ ತೊಳೆದಳು, ಕಿಟಕಿಯ ಗಾಜುಗಳನ್ನೆಲ್ಲ ಉಜ್ಜಿದಳು. ಯಾರ ಹತ್ತಿರವೂ ಜಗಳವಾಡಲಿಲ್ಲ. ಕೇಳಿದ್ದಕ್ಕೆ ಸಣ್ಣಗೆ ಉತ್ತರ ಕೊಟ್ಟಳು. ಅಂಗಡಿಯ ಬಾಗಿಲು ಸದ್ದಾದರೂ ತಿರುಗಿ ನೋಡಲಿಲ್ಲ.

ಮಗ ಕಂಪ್ಯೂಟರಿನ ಮುಂದೆ ಕೂತ. ಒಬ್ಬರ ಅಳತೆಗೆ ಇನ್ನೊಬ್ಬರ ಬಣ್ಣ ಬರೆದುಕೊಂಡು ಬಂದ. ಗಂಟಮ್ಮ ನಾಲ್ಕು ಬೆರಳು ಅಗಲದಷ್ಟು ಕಟ್ಟಿಬಿಟ್ಟ ಮೇಲೆ ಅದು ಗೊತ್ತಾಗಿ, ಕಟ್ಟಿದ ಗಂಟುಗಳನ್ನೆಲ್ಲ ಬಿಚ್ಚಬೇಕಾಯಿತು. ಗಿರಾಕಿಗಳ ಪ್ರಶ್ನೆಗಳಿಗೆ ಅವನು ತಮಾಷೆಯಾಗಿ ಉತ್ತರ ಬರೆದ. ಕಾಯಿಲೆಯವರಿಗೆ ಅದು ಹಿಡಿಸಲಿಲ್ಲ. ಆಸ್ಪತ್ರೆ ಮೇಡಂ ಆಗಲೇ ಇವರ ಹೆಸರು ಹೇಳುವುದನ್ನು ನಿಲ್ಲಿಸಿದ್ದರು. ಒಂದು ವಾರ ಹೊಸ ಆರ್ಡರ್ ಒಂದೂ ಬರಲಿಲ್ಲ. ಯಜಮಾನರು ಕೂದಲು ತೊಳೆದು ಒಣಗಿಸಿ, ಒಣಗಿದ್ದನ್ನೇ ಇನ್ನೊಂದು ಸಲ ಬಾಚಿದರು.

"ಇದೇನು ಹಟ ಅವಳದು?" ಅಂತ ಹೆಂಡತಿಯನ್ನು ಕೇಳಿದರು.

"ಯಾರದು? ನಮ್ಮಲ್ಲಿ ಇಲ್ಲದವಳದಾ?" ಅಂದಳು ಗಂಟಮ್ಮ.

ಇಷ್ಟು ವರ್ಷದಲ್ಲಿ ಅವಳು ಅವರಿಗೆ ಹಾಗೆ ಎದುರುತ್ತರ ಕೊಟ್ಟದ್ದು ಕಡಿಮೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಟೀಚರು ಮತ್ತೆ ಬಂದದ್ದು ಅಂಥ ಒಂದು ದಿನ. ಈ ಸಲ ಕುರ್ಚಿಯಲ್ಲಿ ಕೂತರು.

"ಮುಂದಿನ ತಿಂಗಳಿಂದ ಶಾಲೆಗೆ ಹೋಗಬಹುದು ಅಂದಿದಾರೆ ಡಾಕ್ಟರು. ವಿಗ್ ಮಾಡಿಸಬೇಕು. ದುಡ್ಡು ಕೊಟ್ಟೇ ಮಾಡಿಸ್ತೀನಿ. ಅವತ್ತು ನನ್ನ ಹತ್ರ ಮಾತಾಡಿದವರು ಎಲ್ಲಿ?"

"ಅಳತೆ ನಾನು ತಗೋತೀನಮ್ಮ," ಅಂದರು ಯಜಮಾನರು.

ಟೀಚರ ಕೈ ತಲೆಗೆ ಕಟ್ಟಿದ ಬಟ್ಟೆಯ ಮೇಲೆ ಹೋಯಿತು. "ಬೇಡ. ಅವರು ಇಲ್ಲದಿದ್ರೆ ನಾಳೆ ಬರ್ತೀನಿ. ತಪ್ಪು ನಮ್ಮದು ಅಂದ್ರಲ್ಲ, ಅವರ ಮುಂದೆ ಆದ್ರೆ ಈ ತಲೆಬಟ್ಟೆ ಬಿಚ್ಚಬಲ್ಲೆ."

ಯಜಮಾನರು ಅಳತೆಪಟ್ಟಿಯನ್ನು ಕೌಂಟರಿನ ಮೇಲೆ ಇಟ್ಟರು. ಗಂಟಮ್ಮ ಎದ್ದು ಹಿತ್ತಿಲಿಗೆ ಹೋದಳು. ಸೊಸೆ ಹಾಸಿಗೆಯ ಹೊದಿಕೆ ಹಿಂಡುತ್ತಿದ್ದಳು, ಮೊಣಕೈವರೆಗೂ ನೊರೆ.

"ಟೀಚರಮ್ಮ ಬಂದಿದಾರೆ. ನಿನ್ನನ್ನೇ ಕೇಳ್ತಿದಾರೆ."

"ಅಲ್ಲಿ ನಾನು ಯಾರು ಅತ್ತೆ?"

"ನಮ್ಮ ಮೇಲಿನ ಸಿಟ್ಟು ನಮ್ಮ ಮೇಲಿರಲಿ. ಆಕೆ ನಿನಗೆ ಏನು ಮಾಡಿದಾರೆ?"

ಸೊಸೆ ಹೊದಿಕೆಯನ್ನು ಬಕೆಟ್ಟಿಗೆ ಬಿಟ್ಟು, ಕೈ ತೊಳೆದುಕೊಂಡು ಬಂದಳು. ಮೂಲೆಯ ಪರದೆ ಎಳೆದು ಟೀಚರನ್ನು ಕನ್ನಡಿಯ ಮುಂದೆ ಕೂರಿಸಿದಳು. ಗಂಟಮ್ಮ ಹೊರಗೆ ನಿಂತು ಅಳತೆ ಬರೆದುಕೊಂಡಳು. ಹಣೆಯಿಂದ ಕುತ್ತಿಗೆ, ಕಿವಿಯಿಂದ ಕಿವಿ. ಒಳಗಿನ ಮಾತು ಹೊರಗೆ ಚೆನ್ನಾಗಿ ಕೇಳಿಸುತ್ತಿತ್ತು.

"ಬೇರೆಯವರಿಗೂ ಆ ಎಚ್ಚರಿಕೆ ಬಂದಿದೆ ಗೊತ್ತಾ?" ಅನ್ನುತ್ತಿದ್ದರು ಟೀಚರು. "ನನ್ನ ಜೊತೆ ಆಸ್ಪತ್ರೇಲಿದ್ದ ಒಬ್ಬರು ಎಚ್ಚರಿಕೆ ನೋಡಿ ಇಲ್ಲಿಗೆ ಫೋನ್ ಮಾಡಿದ್ದರಂತೆ. ಯಾರೋ ಗಂಡಸರು, ಏನಿಲ್ಲ, ಒತ್ತಿ ಮುಂದಕ್ಕೆ ಹೋಗಿ ಅಂದರಂತೆ. ಅದಕ್ಕೇ ಆಕೆ ಈಗ ಎಲ್ಲೇ ಎಚ್ಚರಿಕೆ ಬಂದರೂ ಒತ್ತಿ ಹೋಗ್ತಾರೆ. ನಾನು ಬೈದೆ."

ಯಜಮಾನರು ಮೆಲ್ಲಗೆ ತಿರುಗಿ ಮಗನನ್ನು ನೋಡಿದರು. ಅಂಗಡಿಯ ಫೋನ್ ಎತ್ತುವ ಗಂಡಸರು ಇಬ್ಬರೇ. ಒಬ್ಬರು ತಾವು.

ಅವತ್ತು ಊಟಕ್ಕೆ ನಾಲ್ವರೂ ಕೂತರು. ಯಜಮಾನರು ಅನ್ನ ಕಲಸಲಿಲ್ಲ.

"ಒತ್ತಿ ಮುಂದಕ್ಕೆ ಹೋಗಿ ಅಂದದ್ದು ನೀನಾ?"

"ಅಪ್ಪಾ, ಆಗ ಕೆಲಸ ತುಂಬಾ ಇತ್ತು. ಗಿರಾಕಿ ಕೈತಪ್ಪಿ ಹೋಗಬಾರದು ಅಂತ..."

"ಆ ಸರ್ಟಿಫಿಕೇಟು ಮುಗಿದಿದ್ದು ನಿನಗೆ ಗೊತ್ತಿತ್ತಾ?"

ಮಗ ಹೆಂಡತಿಯ ಕಡೆ ನೋಡಿದ. ಅವಳು ಗೋಡೆ ನೋಡುತ್ತಿದ್ದಳು.

"ಗೊತ್ತಿತ್ತು," ಅಂದಳು ಗಂಟಮ್ಮ. "ಇವಳು ಹೇಳಿದ್ದಳು, ಒಂದು ಸಲ ಅಲ್ಲ. ಇಲ್ಲೇ, ಇದೇ ಹೊತ್ತಲ್ಲಿ, ಬಡಿಸ್ತಾ. ನಾನು ಕೇಳಿಸಿಕೊಂಡಿದ್ದೆ. ಮಾಡಿಸಬೇಕಾಗಿದ್ದವನು ಅವನು. ಅವತ್ತು ನೀವು ಇವಳನ್ನ ಬೈದಾಗ ಅವನು ಪೋಸ್ಟಿಗೆ ಹೋದ, ನಾನು ಚಹಾ ಅಂದೆ."

"ಇಷ್ಟು ದಿನ ಬಾಯಿಗೆ ಏನು ತುಂಬಿಕೊಂಡಿದ್ದೆ ನೀನು?"

"ನಿಮ್ಮ ಭಯ. ಇನ್ನೇನು?"

ಮಗ ತಟ್ಟೆ ಸರಿಸಿದ. "ಎಲ್ಲ ಸೇರಿ ನನ್ನ ತಲೆಗೆ ಕಟ್ಟಿ. ಒಂದು ಸರ್ಟಿಫಿಕೇಟ್ ಮರೆತೆ, ಕೊಲೆ ಮಾಡಿದ ಹಾಗೆ ಆಡ್ತಿದೀರಿ."

"ಮರೆತಿದ್ದಕ್ಕಲ್ಲ," ಅಂದಳು ಸೊಸೆ. ಅಷ್ಟು ದಿನದ ಮೇಲೆ ಅವಳ ದನಿ ಮೊದಲ ಸಲ ಒಡೆಯಿತು. "ಮರೀತಾರೆ ಯಾರಾದ್ರೂ. ನೀವೇ ಹೇಳ್ತೀರಿ ಅಂತ ಕಾದೆ. ಅವತ್ತು ಕಾದೆ, ಮಾರನೇ ದಿನ ಕಾದೆ. ಮಾವ ನನ್ನ ಹತ್ರ ಮಾತು ಬಿಟ್ಟಿದ್ದು ದಿನಾ ನೋಡ್ತಾ ಇದ್ರಿ. ಅದೇ ಮೇಜಲ್ಲಿ ಕೂತು ಊಟ ಮಾಡ್ತಿದ್ರಿ."

ಯಜಮಾನರು ಊಟ ಬಿಟ್ಟು ಎದ್ದರು. ಗಂಟಮ್ಮ ಈ ಸಲ ಅವರ ಹಿಂದೆ ರಕ್ತದೊತ್ತಡದ ಮಾತ್ರೆ ಹಿಡಿದು ಓಡಲಿಲ್ಲ. ಮಾತ್ರೆ ಎಲ್ಲಿದೆ ಅಂತ ಅವರಿಗೂ ಗೊತ್ತು.

ಕ್ಷಮೆ ಕೇಳುವುದು ಯಜಮಾನರಿಗೆ ಬರುತ್ತಿರಲಿಲ್ಲ. ಮಾರನೆಯ ದಿನ ಕೆಲಸದ ಮೇಜಿನ ಹತ್ತಿರ ಕೂತು ಕೂದಲು ಬಾಚುತ್ತ, "ಆ ಫೋನಿನವನು ಮತ್ತೆ ಫೋನ್ ಮಾಡ್ತಾನಾ ಕೇಳು," ಅಂದರು.

"ನೀವೇ ಕೇಳಿ."

"ಕೇಳೇ ಸ್ವಲ್ಪ."

ಗಂಟಮ್ಮ ಕೇಳಿದಳು, ಅದೇ ಕೊನೆ ಅಂದುಕೊಂಡು. ಸೊಸೆ ಕೈ ಒರೆಸಿಕೊಳ್ಳುತ್ತ, "ಮತ್ತೆ ಅರ್ಜಿ ಹಾಕಿದ್ರೆ ಮಾಡ್ತಾರೆ. ಹಾಕ್ತೀನಿ. ಮನೆಯವರಿಗೋಸ್ಕರ ಅಲ್ಲ ಅತ್ತೆ. ಆ ಹೆಂಗಸರು ಇನ್ನೆಲ್ಲೋ ಹೋಗಿ ಸಿಕ್ಕಿಹಾಕ್ಕೋಬಾರದು," ಅಂದಳು.

ಫೋನ್ ಬಂದಾಗ ಈ ಸಲ ಅವಳೂ ಕೋಣೆಯಲ್ಲೇ ಇದ್ದಳು, ಟೀಚರ ವಿಗ್ಗಿಗೆ ಕೂದಲಿನ ಬಣ್ಣ ಹೊಂದಿಸುತ್ತ. ಯಜಮಾನರು ಬೇಕೆಂದೇ ಎರಡು ಸಲ ರಿಂಗಾಗಲು ಬಿಟ್ಟು ಎತ್ತಿದರು.

"ಹೌದು. ಇದ್ದಾರೆ," ಅಂದರು. "ಅವತ್ತು ನನಗೆ ತಿಳಿಯಲಿಲ್ಲ. ಇದ್ದಾರೆ." ಮತ್ತೆ ಕೇಳಿಸಿಕೊಂಡರು. ಆಮೇಲೆ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಹೆಂಡತಿಯನ್ನು ದಾಟಿ ನೇರ ಸೊಸೆಯನ್ನೇ ನೋಡಿದರು.

"ನಿನ್ನ ಹುದ್ದೆ ಏನು ಅಂತ ಕೇಳ್ತಿದಾನಮ್ಮ."

ಸೊಸೆಯ ಕೈಯಲ್ಲಿ ಕೂದಲಿನ ಎಳೆಗಳು ಹಾಗೇ ನಿಂತವು. "ನೀವು ಏನು ಹೇಳ್ತೀರೋ ಅದು ಮಾವ."

ಯಜಮಾನರು ಯೋಚಿಸಿದರು. ಆ ಕಡೆಯವನು ಹಲೋ ಹಲೋ ಅನ್ನುವುದು ಕೇಳಿಸುತ್ತಿತ್ತು.

"ಅಂಗಡಿ ನಡೆಸೋದು ಅವರೇ," ಅಂದರು ಫೋನಿಗೆ. "ಹೌದು, ಅವರಿಗೆ ಅಧಿಕಾರ ಇದೆ. ಎಲ್ಲದಕ್ಕೂ. ಇನ್ನೊಂದು ಬರ್ಕೊಳ್ಳಿ. ನನ್ನ ಹೆಂಡತಿನೂ ಇಲ್ಲಿ ಕೆಲಸ ಮಾಡ್ತಾಳೆ. ವಿಗ್ ಕಟ್ಟೋದು ಅವಳೇ. ಹೆಸರು ಹೇಳ್ತೀನಿ." ಆ ಕಡೆಯವನು ಏನೋ ಅಂದ. "ಬೇಡ್ವಾ? ಸರಿ, ಬೇಡ ಅಂದ್ರೆ ಬೇಡ. ಆದ್ರೂ ಇದ್ದಾಳೆ."

ಗಂಟಮ್ಮ ತಲೆ ತಗ್ಗಿಸಿ ಗಂಟು ಹಾಕುತ್ತಲೇ ಇದ್ದಳು. ಎರಡು ಗಂಟು ತಪ್ಪಾದವು. ಬಿಚ್ಚಿ ಮತ್ತೆ ಹಾಕಿದಳು.

ಸರ್ಟಿಫಿಕೇಟ್ ಬಂತು. ಆಸ್ಪತ್ರೆ ಮೇಡಂ ಬೀಗ ಒತ್ತಿ, ಅಂಗಡಿಯ ಹೆಸರು ಓದಿ, ಒಳ್ಳೆಯದಾಯ್ತು ಅಂದರು. ನಿಧಾನಕ್ಕೆ ಆರ್ಡರುಗಳು ಬರತೊಡಗಿದವು. ಟೀಚರು ವಿಗ್ ಹಾಕಿಕೊಂಡು ಕನ್ನಡಿ ನೋಡಿ, ಮಕ್ಕಳು ಎಳೆದರೆ ಬರುತ್ತದಾ ಅಂತ ಕೇಳಿ, ತಾವೇ ಎಳೆದು ನೋಡಿ ಹೋದರು. ಅವರ ಫೋಟೋ ಯಾರ ಹತ್ತಿರ ಇದೆ ಅನ್ನುವುದು ಗೊತ್ತಾಗಲಿಲ್ಲ. ಸೊಸೆ ದೂರಿನ ಮೇಲೆ ದೂರು ಕೊಟ್ಟ ಮೇಲೆ ಆ ನಕಲಿ ಸೈಟು ಒಂದು ದಿನ ಮಾಯವಾಯಿತು. ಇನ್ನೊಂದು ಅಕ್ಷರ ಬದಲಾಯಿಸಿಕೊಂಡು ಮತ್ತೆ ಬಂತು, ಬೀಗದ ಸಮೇತ. ಅವಳು ಮತ್ತೆ ದೂರು ಬರೆಯಲು ಕೂತಳು.

ಮಾವ ಸೊಸೆ ಮಾತಾಡುತ್ತಿದ್ದರು, ಸ್ವಲ್ಪ ಹೆಚ್ಚೇ ಮರ್ಯಾದೆಯಿಂದ, ಹೊಸದಾಗಿ ಪರಿಚಯವಾದವರ ಹಾಗೆ. ಮಗ ಹೇಳುವ ಮೊದಲೇ ಕೆಲಸ ಮಾಡುತ್ತಿದ್ದ. ಪಾತ್ರೆ ತೊಳೆದ, ಪೆಟ್ಟಿಗೆಗಳ ವಿಳಾಸವನ್ನು ಎರಡೆರಡು ಸಲ ನೋಡಿದ. ಒಂದು ಸಂಜೆ ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತು ತಟ್ಟೆ ಒರೆಸುತ್ತ ಕೇಳಿದ.

"ಎಲ್ಲ ಸರಿಹೋಯ್ತಲ್ಲ ಈಗ?"

"ಅಂಗಡಿಗೆ ಸರಿಹೋಯ್ತು," ಅಂದಳು ಅವಳು.

ಗಂಟಮ್ಮ ಒಲೆಯ ಹತ್ತಿರ ಹಾಲು ಕಾಯಿಸುತ್ತಿದ್ದಳು. ಮಗ ತಾಯಿಯ ಕಡೆ ತಿರುಗಿದ. ಚಿಕ್ಕವನಾಗಿದ್ದಾಗ ಏನಾದರೂ ಒಡೆದು ಬಂದಾಗ, ಅಪ್ಪನಿಗೆ ನೀನೇ ಹೇಳು ಅಂತ ನೋಡುತ್ತಿದ್ದ ಅದೇ ನೋಟ.

"ಅಮ್ಮಾ, ಇವಳಿಗೆ ಸ್ವಲ್ಪ..."

ಗಂಟಮ್ಮ ಹಾಲಿನ ಉರಿ ಆರಿಸಿದಳು. "ನಿನ್ನ ಬಾಯಲ್ಲೇ ಹೇಳು, ಮಗಾ," ಅಂದು, ತನ್ನ ಲೋಟ ತೆಗೆದುಕೊಂಡು ಕೆಲಸದ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡಳು. ಅಡುಗೆಮನೆಯಲ್ಲಿ ನಲ್ಲಿಯ ನೀರು ಬೀಳುತ್ತಿತ್ತು. ಆಮೇಲೆ ಯಾರೋ ನಲ್ಲಿ ನಿಲ್ಲಿಸಿದರು. ಮಗನ ದನಿ ಶುರುವಾಯಿತು, ತಡವರಿಸಿ ನಿಂತಿತು, ಮತ್ತೆ ಶುರುವಾಯಿತು. ಏನು ಹೇಳುತ್ತಿದ್ದಾನೆಂದು ಕೇಳಿಸಲಿಲ್ಲ. ಅವಳು ಕೇಳಿಸಿಕೊಳ್ಳಲು ಹೋಗಲೂ ಇಲ್ಲ. ದೀಪ ಹತ್ತಿರಕ್ಕೆ ಎಳೆದು ಸೂಜಿ ಎತ್ತಿಕೊಂಡಳು.